ನೀಲಿ ಟೇಪಿನಾಚೆ ಎರಡನೇ ಕೀ

ವಾದ್ಯಗಳ ಅಂಗಡಿ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಅವಳು ತನ್ನ ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ತಪ್ಪು ಮಾಡಿದ ಮಗುವನ್ನು ಕಿವಿ ಹಿಡಿದು ಎಳೆದುಕೊಂಡು ಹೋಗುವ ಹಾಗೆ. ಮೂರು ಗಂಟೆಯ ಹಿಂದೆ ಆ ಬೆರಳು ಮಾಡಬಾರದ್ದನ್ನು ಮಾಡಿತ್ತು. ಹತ್ತೊಂಬತ್ತು ವರ್ಷ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸಿದ ಬೆರಳು, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಯಾವ ತಪ್ಪು ಮಾಡಬೇಡಿ ಎಂದು ಅವಳು ಹೇಳಿಕೊಡುತ್ತಿದ್ದಳೋ ಅದೇ ತಪ್ಪನ್ನು, ಒಂದಲ್ಲ, ನಾಲ್ಕು ನಿಮಿಷ ಬಿಡದೆ ಮಾಡಿತ್ತು. ನಾಲ್ಕು ಮೆಟ್ಟಿಲು ಮುಂದೆ ಅಣ್ಣ ಹತ್ತುತ್ತಿದ್ದ. ಐವತ್ತರ ಹತ್ತಿರ ಬಂದಿದ್ದರೂ ಮೆಟ್ಟಿಲನ್ನು ಎರಡೆರಡಾಗಿ ಏರುವುದು ಬಿಟ್ಟಿರಲಿಲ್ಲ. ಅವನ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದು ಇಣುಕುತ್ತಿತ್ತು. ಎರಡು ಕಿವಿಗಳೂ ಸಾಮಾನ್ಯ ಮಿತಿಯಲ್ಲಿವೆ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಅವಳ ಸಹಿ ಇತ್ತು. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಸಹಿ ಹಾಕುವಾಗಲೂ ಗೊತ್ತಿತ್ತು. ಇನ್ನೂ ದೊಡ್ಡದೊಂದು ಸಂಗತಿ ಆಗಷ್ಟೇ ಗೊತ್ತಾಗಿ ಕೈ ನಡುಗುತ್ತಿದ್ದರಿಂದ ಆ ಸಣ್ಣ ಸುಳ್ಳು ಬೆರಳ ಸಂದಿಯಿಂದ ಜಾರಿಹೋಗಿತ್ತು. ಕೋಪ ಬಂದಾಗ ತನಗೆ ಕೈ ನಡುಗುತ್ತದೆ, ಬಾಯಿ ತೆರೆಯುವುದಿಲ್ಲ. ಅಣ್ಣನಿಗೆ ಬಾಯಿ ತೆರೆಯುತ್ತದೆ, ಕೈ ನಡುಗುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಇಂಥ ಹಂಚಿಕೆ ಯಾರು ಮಾಡಿದರೋ.

ಅಂಗಡಿಯಲ್ಲಿ ರಟ್ಟು ಮತ್ತು ಹೊಸ ಪ್ಲಾಸ್ಟಿಕ್ಕಿನ ವಾಸನೆಯಿತ್ತು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದ ಅಂಗಡಿಯವನು ಅಣ್ಣನನ್ನು ಕಂಡು ಎದ್ದು ನಿಂತ, ಅವಳನ್ನು ಕಂಡು ಮತ್ತೆ ಕೂತ. ಅವಳ ಚೀಲದಲ್ಲಿ ಎರಡು ಹಾಳೆಯ ಪಟ್ಟಿಯೊಂದಿತ್ತು. ಎಂಟು ತಿಂಗಳಿಂದ ಸಂಜೆ ಹೊತ್ತು ಕೂತು ಮಾಡಿದ್ದು. ಮನೆಯ ಕಂಪ್ಯೂಟರಿಗೆ ಜೋಡಿಸುವ ಮಿಡಿ ಕೀಬೋರ್ಡುಗಳಲ್ಲಿ ಹದಿನಾಲ್ಕನ್ನು ಆರಿಸಿ, ಒಂದೊಂದಕ್ಕೂ ಹನ್ನೆರಡು ಅಂಕಣ ಎಳೆದಿದ್ದಳು: ಎಷ್ಟು ಕೀ, ಎಷ್ಟು ಉದ್ದ, ಕೀ ಎಷ್ಟು ಆಳಕ್ಕೆ ಇಳಿಯುತ್ತದೆ, ಎಷ್ಟು ಭಾರ, ಮೆಲ್ಲಗೆ ಒತ್ತಿದ್ದನ್ನು ಮೆಲ್ಲಗೆಂದೇ ತಿಳಿಯುತ್ತದೆಯೋ ಇಲ್ಲವೋ. ಆ ಪಟ್ಟಿ ನೋಡಿ ಗಂಡ ನಕ್ಕಿದ್ದ. ಮದುವೆಗೆ ಮುಂಚೆ ನನ್ನ ವಿಷಯದಲ್ಲಿ ಇದರ ಕಾಲುಭಾಗ ವಿಚಾರಿಸಿದ್ದರೂ ನೀನು ಬಚಾವಾಗ್ತಿದ್ದೆ ಎಂದಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಅವನು ಅಳತೆಪಟ್ಟಿ ತಂದು ಮೇಜನ್ನು ಅಳೆದು, ಎಂಬತ್ತೆರಡು ಸೆಂಟಿಮೀಟರು, ಅದರಲ್ಲಿ ನನ್ನ ಕಂಪ್ಯೂಟರು ಮೂವತ್ತು, ಉಳಿದದ್ದೆಲ್ಲಾ ನಿಂದೇ ಎಂದು ಉದಾರವಾಗಿ ಹೇಳಿದ್ದ. ಉಳಿದದ್ದು. ಅವಳ ಪಾಲಿಗೆ ಯಾವತ್ತೂ ಬಂದದ್ದು ಆ ಶಬ್ದವೇ. ಅವಳಿಗೆ ಬೇಕಾಗಿದ್ದದ್ದು ಅರವತ್ತೊಂದು ಕೀಗಳದ್ದು. ಅದರ ಉದ್ದ ತೊಂಬತ್ತಾರು ಸೆಂಟಿಮೀಟರು. ಪಟ್ಟಿಯಲ್ಲಿ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು, ಯಾರಾದರೂ ನೋಡಿದರೆ ಅಳಿಸಬಹುದಾದಷ್ಟು ತೆಳುವಾಗಿ.

ಪಟ್ಟಿಯನ್ನು ಚೀಲದಿಂದ ತೆಗೆಯುವ ಮೊದಲೇ ಅಣ್ಣ ಕೌಂಟರಿನ ಹಿಂದಿನಿಂದ ಡಬ್ಬವೊಂದನ್ನು ತರಿಸಿಯಾಗಿತ್ತು. ಅದಕ್ಕೆ ಬಣ್ಣದ ಕಾಗದ ಸುತ್ತಿತ್ತು. ಪರೀಕ್ಷೆ ಮಾಡಿಕೊಟ್ಟದ್ದಕ್ಕೆ ನನ್ನ ಕಡೆಯಿಂದ ಎಂದ. ಅವನು ಕೊಡುವುದೆಲ್ಲ ಹೀಗೆ, ಬೇಡ ಅನ್ನಲು ಬಾರದ ಹಾಗೆ ಕಾಗದ ಸುತ್ತಿಕೊಂಡೇ ಬರುತ್ತದೆ. ಉಗುರಿನಿಂದ ಕಾಗದ ಬಿಡಿಸಿದಳು. ಇಪ್ಪತ್ತೈದು ಕೀ. ತೊಡೆಯ ಮೇಲೆ ಕೂರುವಂಥದ್ದು, ಆಟಿಕೆಯಂತೆ ಮುದ್ದಾಗಿತ್ತು.

“ನಿನಗೆ ಇಷ್ಟು ಸಾಕು, ಚೂರು,” ಎಂದ ಅಣ್ಣ. ಅವಳು ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಇಟ್ಟ ಹೆಸರು. ನಲವತ್ತೆರಡು ವರ್ಷವಾದರೂ ಅವನ ಬಾಯಲ್ಲಿ ಅವಳು ಬೆಳೆದಿರಲಿಲ್ಲ. “ಕೆಳಗಿನ ಸ್ವರ ಬೇಕಂದ್ರೆ ಇಲ್ನೋಡು, ಈ ಬಟನ್ ಒತ್ತು, ಇಡೀ ಸಪ್ತಕ ಕೆಳಗಿಳಿಯುತ್ತೆ. ಮೇಲೆ ಬೇಕಂದ್ರೆ ಇದು. ಎಲ್ಲಾ ಸಿಗುತ್ತೆ. ಒಟ್ಟಿಗೆ ಸಿಗಲ್ಲ, ಅಷ್ಟೇ.”

ಒಟ್ಟಿಗೆ ಸಿಗಲ್ಲ, ಅಷ್ಟೇ. ಬಾಲ್ಯದ ಮನೆಯ ನಡುಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ, ಕಬ್ಬಿಣದ ಕಾಲಿನ ಸ್ಟ್ಯಾಂಡಿನ ಮೇಲೆ ನಲವತ್ತೊಂಬತ್ತು ಕೀಗಳ ಕೀಬೋರ್ಡೊಂದು ಇತ್ತು. ಯಾರು ನುಡಿಸಬೇಕೆಂದು ದಿನಾ ಜಗಳವಾಗಿ, ಒಂದು ದಿನ ಅಮ್ಮ ವಿದ್ಯುತ್ ತಂತಿಗೆ ಸುತ್ತುವ ನೀಲಿ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದು, ಎರಡು ಕೀಗಳ ನಡುವಿನ ಅಂಚಿನ ಮೇಲೆ ಅಂಟಿಸಿ, ಇದರಿಂದ ಆ ಕಡೆ ಅವನದು, ಈ ಕಡೆ ನಿನ್ನದು, ಇಬ್ಬರೂ ಒಟ್ಟಿಗೆ ಕೂತು ಸಾಯಿರಿ ಎಂದು ಅಡುಗೆಮನೆಗೆ ಹೋಗಿದ್ದಳು. ಎಡಕ್ಕೆ ಅವನಿಗೆ ಮೂವತ್ತೊಂದು, ಬಲಕ್ಕೆ ಇವಳಿಗೆ ಹದಿನೆಂಟು. ಅವನು ದೊಡ್ಡವನು, ಅವನಿಗೆ ಮೇಷ್ಟ್ರು ಬರುತ್ತಾರೆ, ಅವನ ಕೈ ದೊಡ್ಡದು, ಕಾರಣಗಳಿಗೆ ಕೊರತೆಯಿರಲಿಲ್ಲ. ಇವಳ ಬೆರಳು ಟೇಪು ದಾಟಿದರೆ ಅವನು ಮೊಣಕೈಯಿಂದ ತಿವಿಯುತ್ತಿದ್ದ, ನೋಟ್ಸಿನಿಂದ ಕಣ್ಣು ಎತ್ತದೆ, ನೊಣ ಓಡಿಸುವಷ್ಟು ಸಹಜವಾಗಿ. ತಿವಿತ ನೋಯುತ್ತಿರಲಿಲ್ಲ. ಅವನು ನೋಡದೆಯೇ ತಿವಿಯುತ್ತಿದ್ದ ಎಂಬುದು ನೋಯುತ್ತಿತ್ತು. ಹನ್ನೊಂದು ವರ್ಷದವಳಿದ್ದಾಗ ಆ ಹದಿನೆಂಟು ಕೀಗಳಲ್ಲಿ ಅವಳಿಗೊಂದು ಧಾಟಿ ಸಿಕ್ಕಿತು. ಮೂರು ಸ್ವರ ಮೇಲಿಂದ ಇಳಿದು ಬಂದು ನಾಲ್ಕನೆಯದಕ್ಕೆ ಟೇಪಿನಾಚೆ ಹೋಗಬೇಕಿತ್ತು, ಆಚೆಗಿನ ಎರಡನೇ ಕೀಗೆ. ಹೋಗುವಂತಿರಲಿಲ್ಲ. ಹಾಗಾಗಿ ಅಲ್ಲಿ ಕೈ ಎತ್ತಿ, ಆ ಸ್ವರಕ್ಕೆ ಬೇಕಾದಷ್ಟು ಹೊತ್ತು ಗಾಳಿಯಲ್ಲಿ ಕಾದು, ಮತ್ತೆರಡು ಸ್ವರ ನುಡಿಸುತ್ತಿದ್ದಳು. ಮೂರು, ಒಂದು ಖಾಲಿ, ಎರಡು. ಎರಡನೇ ಸಾಲಿನಲ್ಲಿ ಅದೇ ಕೀ ಬೇಗ ಬರುತ್ತಿತ್ತು: ಎರಡು, ಒಂದು ಖಾಲಿ, ಮೂರು. ಕೇಳಿದವರು ಈ ಹುಡುಗಿ ನಡುನಡುವೆ ಮರೆತುಹೋಗುತ್ತಾಳೆ ಎಂದುಕೊಳ್ಳುತ್ತಿದ್ದರು. ಈಗ ಇಪ್ಪತ್ತೈದು. ಮೂವತ್ತೊಂದು ವರ್ಷಕ್ಕೆ ಏಳು ಕೀಗಳ ಬಡ್ತಿ.

ಆ ಧಾಟಿ ಈಗ ಊರಿಗೆಲ್ಲ ಗೊತ್ತು. ಆರು ವರ್ಷದ ಹಿಂದೆ ಅಣ್ಣ ಅದನ್ನು ತನ್ನ ಸ್ಟುಡಿಯೋದಲ್ಲಿ ಮುದ್ರಿಸಿ ತನ್ನ ಹೆಸರಿನಲ್ಲಿ ಹೊರಗೆ ತಂದ. ದೂರವಾಣಿಯಲ್ಲಿ ಕಾಯಿಸುವಾಗ ಕೇಳಿಸಲು ಕಚೇರಿಗಳು ಅದನ್ನು ಕೊಂಡವು. ಅವಳ ಆಸ್ಪತ್ರೆಯೂ ಕೊಂಡಿತು. ದಯವಿಟ್ಟು ಕಾಯಿರಿ ಎಂಬ ಹೆಂಗಸಿನ ದನಿಯ ಹಿಂದೆ, ದಿನಕ್ಕೆ ನಲವತ್ತು ಸಲ, ಕಾಯಿಸಿದ ಕರೆ ಮರೆಯದಿರಲೆಂದು ಸ್ವಾಗತದ ಮೇಜಿನಲ್ಲೂ ಹಚ್ಚಿಟ್ಟಿದ್ದ ಸ್ಪೀಕರಿನಿಂದ ಹೊರಟು, ಕಾರಿಡಾರು ದಾಟಿ, ಅವಳ ಕೋಣೆಯ ಬಾಗಿಲ ಕೆಳಗಿನಿಂದ ಅದು ತೆವಳಿಕೊಂಡು ಬರುತ್ತಿತ್ತು. ಅಣ್ಣ ಅದರ ಖಾಲಿ ಜಾಗಗಳನ್ನು ತುಂಬಿಸಿದ್ದ. ಟೇಪಿನಾಚೆಯ ಎರಡನೇ ಕೀ ಅಲ್ಲಿ ದುಂಡಗೆ, ಬೆಣ್ಣೆ ಹಚ್ಚಿದಂತೆ ಮೊಳಗುತ್ತಿತ್ತು. ಆರಕ್ಕೆ ಆರು ಸ್ವರ, ಎಲ್ಲೂ ಎಡವದೆ. ಒಂದು ಸಲ, ಒಂದೇ ಸಲ, ಕೇಳಿದ್ದಳು. ಅದು ನನ್ನದಲ್ವಾ ಅಣ್ಣ ಎಂದು, ಹೇಗೆ ಬೇಕಾದರೂ ತಮಾಷೆಯಾಗಿಬಿಡಬಹುದಾದ ದನಿಯಲ್ಲಿ. ಅವನು ಯೋಚಿಸಿದಂತೆ ಮಾಡಿ, ನೀನು ಏನೇನೋ ಕುಟ್ತಿದ್ದೆ, ನಂಗೆ ನೆನಪೇ ಇಲ್ಲ ಕಣೇ ಎಂದಿದ್ದ. ಸುಳ್ಳು ಹೇಳುವವನ ಮುಖ ಅದಲ್ಲ. ಆ ಮುಖದಿಂದಾಗಿಯೇ ಆರು ವರ್ಷ ಅವಳು ತನ್ನನ್ನೇ ಅನುಮಾನಿಸಿದ್ದಳು. ನೆನಪು ಅಳತೆಗೆ ಸಿಗುವ ವಸ್ತುವಲ್ಲ, ತನಗೆ ಬೇಕಾದಂತೆ ತಿದ್ದಿಕೊಂಡಿರಬಹುದು, ಅವನೇ ಮಾಡಿದ್ದನ್ನು ಪಕ್ಕದಲ್ಲಿ ಕೂತು ಕಲಿತಿರಬಹುದು. ಪುರಾವೆಯಿಲ್ಲದೆ ಮಾತಾಡಬಾರದೆಂದು ಅವಳಿಗೆ ಕಾಲೇಜು ಕಲಿಸಿತ್ತು. ತಂಗಿ ಸುಮ್ಮನಿರಬೇಕೆಂದು ಅದಕ್ಕೂ ಮೊದಲು ಮನೆ ಕಲಿಸಿತ್ತು. ಎರಡು ಪಾಠಗಳೂ ಒಂದೇ ಕಡೆ ತಂದು ನಿಲ್ಲಿಸಿದ್ದು ಅವಳಿಗೆ ಈಗೀಗ ಅನುಮಾನ ಹುಟ್ಟಿಸುತ್ತಿತ್ತು.

ಅಂಗಡಿಯವನು ಯಾವ ಬಣ್ಣ ಬೇಕು, ಬಿಳಿಯದೂ ಇದೆ ಎನ್ನುತ್ತಿದ್ದ. ಅಣ್ಣ ಅವನಿಗೆ ತಾನು ಸೇರಲಿರುವ ಧ್ವನಿಮುದ್ರಣ ಕಂಪನಿಯ ಬಗ್ಗೆ ಹೇಳುತ್ತಿದ್ದ. ಧ್ವನಿ ವಿಭಾಗಕ್ಕೇ ಮುಖ್ಯಸ್ಥ. ಕಿವಿ ಸರಿಯಿದೆಯೆಂಬ ಕಾಗದ ಸೋಮವಾರ ಮಧ್ಯಾಹ್ನದೊಳಗೆ ಕೊಟ್ಟರೆ ಆಯಿತು. ಕಾಗದ ಇಲ್ಲೇ ಇದೆ ಎಂದು ಜೇಬು ತಟ್ಟಿಕೊಂಡ. ತಟ್ಟಿದ್ದು ಹೆಬ್ಬೆರಳಿನಿಂದ. ಅವಳು ಆ ಹೆಬ್ಬೆರಳನ್ನೇ ನೋಡಿದಳು.

ಬೆಳಿಗ್ಗೆ ಆ ಹೆಬ್ಬೆರಳು ಆಸ್ಪತ್ರೆಯ ಕಿವಿಪರೀಕ್ಷೆಯ ಬೂತಿನೊಳಗೆ ಗುಂಡಿಯೊಂದರ ಮೇಲಿತ್ತು. ಬೂತಿನಲ್ಲಿ ಕೂತವರ ಕಿವಿಗೆ ಅವಳು ಹೊರಗಿನಿಂದ ಶಬ್ದ ಕೊಡುತ್ತಾಳೆ, ದೊಡ್ಡದರಿಂದ ಸಣ್ಣದಕ್ಕೆ ಇಳಿಸುತ್ತಾ. ಕೇಳಿಸಿದರೆ ಅವರು ಗುಂಡಿ ಒತ್ತುತ್ತಾರೆ, ಅವಳ ಮುಂದೆ ಹಸಿರು ದೀಪ ಹೊತ್ತುತ್ತದೆ. ಅದರಲ್ಲಿ ಒಂದೇ ಒಂದು ಜಾಣತನ ಬೇಕು: ಎರಡು ಶಬ್ದಗಳ ನಡುವಿನ ಬಿಡುವು ಒಂದೇ ಸಮ ಇರಬಾರದು. ಇದ್ದರೆ ಮನುಷ್ಯ ಕಿವಿಯಿಂದ ಕೇಳುವುದನ್ನು ಬಿಟ್ಟು ತಾಳದಿಂದ ಊಹಿಸತೊಡಗುತ್ತಾನೆ. ಸಂಗೀತದವರಂತೂ ಎರಡೇ ಏಟಿಗೆ ಹಿಡಿದುಬಿಡುತ್ತಾರೆ. ಬಲಗಿವಿ ಚೆನ್ನಾಗಿತ್ತು. ಎಡಗಿವಿಯಲ್ಲಿ ನಾಲ್ಕು ಸಾವಿರ ಹರ್ಟ್ಜ್‌ನ ತೀಕ್ಷ್ಣ ಶಬ್ದಕ್ಕೆ ಬಂದಾಗ, ಇನ್ನೂ ದೊಡ್ಡ ಶಬ್ದಕ್ಕೇ ದೀಪ ತಪ್ಪತೊಡಗಿತ್ತು; ಅಷ್ಟರಲ್ಲಿ ಹೊರಗೆ ಸ್ವಾಗತದ ಮೇಜಿನಲ್ಲಿ ಯಾರನ್ನೋ ದೂರವಾಣಿಯಲ್ಲಿ ಕಾಯಿಸಿದ್ದರು. ಬಾಗಿಲ ಕೆಳಗಿನಿಂದ ಆ ಬೆಣ್ಣೆಯ ಆರು ಸ್ವರ ಬಂದಾಗ ಅವಳ ಕೆನ್ನೆಯೊಳಗೆ ಹಲ್ಲು ಕೂತಿತು. ಗಾಜಿನಾಚೆ ಅವನು ಕಣ್ಣು ಮುಚ್ಚಿ, ಕಾಲಮೇಲೆ ಕಾಲು ಹಾಕಿ, ತನ್ನ ಕಿವಿಗಳ ಬಗ್ಗೆ ಪೂರ್ತಿ ಭರವಸೆಯಿಂದ ಕೂತಿದ್ದ. ದಪ್ಪ ಗೋಡೆಯ ಆ ಬೂತಿನೊಳಕ್ಕೆ ಹೊರಗಿನದೇನೂ ಕೇಳಿಸುವುದಿಲ್ಲ. ಅವಳಿಗೆ ಮಾತ್ರ ಕೇಳಿಸುತ್ತಿತ್ತು. ಯಾವಾಗಲೂ ಮಾಡುವಂತೆ ಅವಳು ಅದನ್ನು ಮನಸ್ಸಿನಲ್ಲೇ ತಿದ್ದತೊಡಗಿದಳು, ತುಂಬಿದ್ದನ್ನು ಅಗೆದು ತೆಗೆದಳು, ಮೂರು, ಖಾಲಿ, ಎರಡು. ಯಾವಾಗ ಬೆರಳೂ ಅದನ್ನೇ ಶುರು ಮಾಡಿತೋ ತಿಳಿಯಲಿಲ್ಲ. ಮೂರು ಶಬ್ದ, ಬಿಡುವು, ಎರಡು. ಮತ್ತೆ ಮೂರು, ಬಿಡುವು, ಎರಡು. ಮೊದಲ ಸಾಲು ಮಾತ್ರ, ಮತ್ತೆ ಮತ್ತೆ. ಹಸಿರು ದೀಪ ಒಂದನ್ನೂ ತಪ್ಪಿಸಲಿಲ್ಲ. ಶಬ್ದ ಎಷ್ಟೋ ಕೆಳಗಿಳಿದಿತ್ತು, ವರ್ಷಗಟ್ಟಲೆ ಸ್ಟುಡಿಯೋದ ಸ್ಪೀಕರಿನ ಮುಂದೆ ಕೂತವನ ಕಿವಿಗೆ ಸಿಗಬಾರದಷ್ಟು. ಆಗ ಅವಳಿಗೆ ಎಚ್ಚರವಾಯಿತು. ಬೆರಳು ಎತ್ತಿದಳು. ಶಬ್ದ ನಿಂತಿತು.

ದೀಪ ನಿಲ್ಲಲಿಲ್ಲ. ಒಮ್ಮೆ ಹೊತ್ತಿತು. ಇನ್ನೊಮ್ಮೆ. ಆಮೇಲೆ ಕತ್ತಲೆ, ಒಂದು ಸ್ವರಕ್ಕೆ ಬೇಕಾದಷ್ಟು ಹೊತ್ತು. ಆಮೇಲೆ ಮೂರು ಸಲ. ಎರಡು, ಖಾಲಿ, ಮೂರು. ಅವಳ ಬೆರಳು ಕೊಡದೇ ಇದ್ದ ಎರಡನೇ ಸಾಲು. ಊರಿಗೆಲ್ಲ ಗೊತ್ತಿದ್ದ ಧಾಟಿಯಲ್ಲಿ ಆ ಖಾಲಿ ಇಲ್ಲ. ಅದು ಇದ್ದದ್ದು ನಡುಕೋಣೆಯಲ್ಲಿ, ಕಬ್ಬಿಣದ ಕಾಲಿನ ಮೇಲೆ, ನೀಲಿ ಟೇಪಿನ ಬಲಕ್ಕೆ. ಕಣ್ಣು ಮುಚ್ಚಿ ಕೂತವನ ಹೆಬ್ಬೆರಳು ಅಲ್ಲಿ ಕಾದಿತ್ತು. ಅವನ ಮುಖಕ್ಕೆ ನೆನಪಿರಲಿಲ್ಲ. ಹೆಬ್ಬೆರಳಿಗೆ ಅಚ್ಚುಕಟ್ಟಾಗಿ ನೆನಪಿತ್ತು.

ಆರು ವರ್ಷ ಬೇಡಿದ ಪುರಾವೆ ಸಿಕ್ಕಿದ್ದು ಹೀಗೆ. ಅದನ್ನು ಹೊರಗೆ ತೆಗೆಯಬೇಕಾದರೆ ಪರೀಕ್ಷೆ ಕೆಡಿಸಿದ್ದು ನಾನು, ತಾಳ ಹಾಕಿದ್ದು ನಾನು, ಸುಳ್ಳು ಕಾಗದಕ್ಕೆ ಸಹಿ ಹಾಕಿದ್ದೂ ನಾನು ಎಂದು ಮೊದಲು ಹೇಳಬೇಕು. ಅವನು ಹೊರಗೆ ಬಂದು ನೂರಕ್ಕೆ ನೂರು ತಾನೇ ಎಂದಾಗ ಅವಳು ಯಂತ್ರದಂತೆ ತಲೆಯಾಡಿಸಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವಳದೆಂದು ಅವಳು ನಂಬಿದ್ದ ವಸ್ತು ಒಂದೇ, ತನ್ನ ಅಳತೆ ತಪ್ಪುವುದಿಲ್ಲ ಎಂಬುದು. ಅಣ್ಣ ಅದನ್ನೂ ಒಂದು ಬೆಳಿಗ್ಗೆಯಲ್ಲಿ, ಗೊತ್ತಿಲ್ಲದೆ, ನೋಡದೆ, ಮೊಣಕೈಯಿಂದ ತಿವಿದಂತೆ ಪಕ್ಕಕ್ಕೆ ಸರಿಸಿದ್ದ. ಅಲ್ಲ, ಅವನಲ್ಲ. ಇದೊಂದನ್ನಾದರೂ ತಾನೇ ಮಾಡಿದ್ದು. ಅವನ ಮೇಲಿನ ಕೋಪಕ್ಕಿಂತ ಈ ಕೋಪ ಇನ್ನೂ ಸುಡುತ್ತಿತ್ತು.

“ಇದು ಬೇಡ,” ಎಂದಳು.

ಅಣ್ಣ ಬಣ್ಣದ ಬಗ್ಗೆ ಇರಬೇಕೆಂದುಕೊಂಡ. ಅವಳು ಆಟಿಕೆಯನ್ನು ಡಬ್ಬದಲ್ಲಿಟ್ಟು ಮುಚ್ಚಿ ಅವನ ಕೈಗೇ ಕೊಟ್ಟು, ಗೋಡೆಯ ಪಕ್ಕ ಸ್ಟ್ಯಾಂಡಿನ ಮೇಲಿದ್ದ ಅರವತ್ತೊಂದರ ಮುಂದೆ ಹೋಗಿ ಕೂತಳು. ಅಂಗಡಿಯವನು ಹಿಂದಿನಿಂದ ಬಂದು, ಇದಕ್ಕೆ ಸ್ವಂತ ಸದ್ದಿರುವುದಿಲ್ಲ ಮೇಡಂ, ಯಾವ ಕೀ, ಎಷ್ಟು ಜೋರು, ಯಾವಾಗ ಒತ್ತಿದ್ರಿ, ಯಾವಾಗ ಬಿಟ್ರಿ ಅಷ್ಟನ್ನೇ ಕಂಪ್ಯೂಟರಿಗೆ ಹೇಳುತ್ತೆ, ಬಿಡೋವರೆಗೂ ಆ ಸ್ವರ ಮುಗಿದಿಲ್ಲ ಅಂತಲೇ ಲೆಕ್ಕ, ಸ್ಪೀಕರು ಹಚ್ಚಿಕೊಡಲಾ ಎಂದ. ಬೇಡ ಎಂದಳು. ಸದ್ದಿಲ್ಲದ್ದೇ ಒಳ್ಳೆಯದು. ಪಕ್ಕದ ಪರದೆಯ ಮೇಲೆ ಎರಡು ಅಂಕಿಗಳು ಕಾಣುತ್ತಿದ್ದವು, ಎಡಕ್ಕೆ ಕೀಯ ಸಂಖ್ಯೆ, ಬಲಕ್ಕೆ ಒತ್ತಿದ ಜೋರು. ಅಣ್ಣ ಡಬ್ಬ ಹಿಡಿದುಕೊಂಡು ಪಕ್ಕ ಬಂದು ನಿಂತ. ಇಷ್ಟು ದೊಡ್ಡದು ಎಲ್ಲಿಡ್ತೀಯೇ, ನಿನ್ನ ಗಂಡನ ತಲೆ ಮೇಲಾ ಎಂದು ನಕ್ಕ. ಅವಳು ನುಡಿಸಿದಳು. ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಿಗೆ ತಗಲುವ ಟಪ್ ಟಪ್ ಬಿಟ್ಟರೆ ಬೇರೆ ಸದ್ದಿಲ್ಲ. ಮೂರು, ಕೈ ಎತ್ತಿದಳು, ಎರಡು. ಎರಡನೇ ಸಾಲು. ಎರಡು; ಕೈ ಎತ್ತಿದಳು. ಈ ಸಲ ಇಳಿಸಲಿಲ್ಲ.

ಅಣ್ಣನ ಹೆಬ್ಬೆರಳು ರಟ್ಟಿನ ಡಬ್ಬದ ಮೇಲಿತ್ತು. ಅದು ಒಂದು ಸ್ವರಕ್ಕೆ ಬೇಕಾದಷ್ಟು ಹೊತ್ತು ಕಾದು ನಿಂತಿತು. ಆಮೇಲೆ ರಟ್ಟಿನ ಮೇಲೆ ಮೂರು ಸಲ ಬಡಿಯಿತು.

“ಬೆಳಿಗ್ಗೆ ಬೂತಿನಲ್ಲೂ ಹೀಗೇ ಕಾದೆ,” ಎಂದಳು. ದನಿ ತನ್ನದಲ್ಲವೆಂಬಷ್ಟು ಸಮವಾಗಿತ್ತು. “ಆಗ ನಾನು ಶಬ್ದ ಕೊಡ್ತಾ ಇರಲಿಲ್ಲ. ನಿಲ್ಲಿಸಿಬಿಟ್ಟಿದ್ದೆ. ನೀನು ಒತ್ತುತ್ತಾನೇ ಇದ್ದೆ.”

ಅಣ್ಣ ಮೊದಲು ತನ್ನ ಹೆಬ್ಬೆರಳನ್ನು ನೋಡಿದ. ಆಮೇಲೆ ಅವನ ಕೈ ಜೇಬಿಗೆ ಹೋಯಿತು. “ಹಾಗಾದ್ರೆ ಈ ರಿಪೋರ್ಟು?”

ಮೊದಲು ಕೇಳಿದ್ದು ಅದನ್ನೇ. ಅವಳು ಅದನ್ನೇ ನಿರೀಕ್ಷಿಸಿದ್ದಳು. “ಸುಳ್ಳು. ತಪ್ಪು ನಂದು, ನಾನು ತಾಳ ಹಾಕಿದೆ. ಅದನ್ನ ಇಲ್ಲಿ ಕೊಡು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಾ, ಬೇರೆಯವರು ಮಾಡ್ತಾರೆ. ಯಾಕೆ ಅಂತ ಅವರಿಗೂ ನಾನೇ ಹೇಳ್ತೀನಿ. ಎಡಗಿವಿ ಚೆನ್ನಾಗಿಲ್ಲ ಅಣ್ಣ.”

ಅಂಗಡಿಯವನು ಕನ್ನಡಕ ಇಳಿಸಿಕೊಂಡು ದೂರದ ಗಿಟಾರೊಂದರ ಧೂಳು ಒರೆಸಲು ಹೋದ. ಅಣ್ಣ ಕಾಗದ ಕೊಡಲಿಲ್ಲ. ಕಾಗದದ ಮೇಲೆ ಕೈಯಿಟ್ಟುಕೊಂಡು ಕೀಗಳನ್ನು ನೋಡುತ್ತಾ ನಿಂತ. ಅವನಿಗೆ ನೆನಪು ಬರುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು, ಮುಳುಗಿದ್ದ ವಸ್ತು ನೀರಿನ ಮೇಲಕ್ಕೆ ಒಂದೊಂದೇ ಮೂಲೆ ತೋರಿಸುವ ಹಾಗೆ. ಈಗಲಾದರೂ ಹೇಳು ಎಂದು ಅವಳು ಕಾದಳು. ಕಾಯುವುದರಲ್ಲಿ ಅವಳಿಗೆ ಅಭ್ಯಾಸವಿತ್ತು.

“ಅಲ್ಲಿ ಖಾಲಿ ಇತ್ತು ಚೂರು,” ಎಂದ ಕೊನೆಗೆ, ತೀರಾ ಮೆಲ್ಲಗೆ. “ಅದನ್ನ ತುಂಬಿದ್ದು ನಾನು.”

ಇಷ್ಟೇ. ಒಪ್ಪಿಕೊಂಡದ್ದೂ ಹಕ್ಕು ಕೇಳುವ ದನಿಯಲ್ಲೇ. ಅವನ ದನಿಯಲ್ಲಿ ಮೋಸವಿರಲಿಲ್ಲ, ಒಂದು ಬಗೆಯ ನೋವೂ ಇತ್ತು. ನಿಜವಾಗಿಯೂ ತಾನೊಂದು ಉಪಕಾರ ಮಾಡಿದ್ದೇನೆ, ಅರೆಬರೆಯಾಗಿ ಬಿದ್ದಿದ್ದನ್ನು ಎತ್ತಿ ಪೂರ್ತಿ ಮಾಡಿದ್ದೇನೆ ಎಂದು ಅವನು ನಂಬಿದ್ದ. ಅವಳ ಕೈಯ ನಡುಕ ನಿಂತುಹೋಯಿತು.

“ಯಾಕೆ ಖಾಲಿ ಇತ್ತು?” ಎಂದಳು.

ಅಣ್ಣನ ಕಣ್ಣು ಕೀಗಳ ಮೇಲೆ ಬಲದಿಂದ ಎಡಕ್ಕೆ ಸರಿಯುತ್ತಾ ಹೋಗಿ ಒಂದು ಕಡೆ ನಿಂತಿತು. ಅಲ್ಲಿ ಟೇಪು ಇರಲಿಲ್ಲ. ಅವಳು ಕೈಯನ್ನು ಅಲ್ಲಿಗೆ ತಂದಳು. ಅವನ ಮೊಣಕೈ ಪಕ್ಕೆಯ ಹತ್ತಿರ ಒಂದು ಕೂದಲೆಳೆಯಷ್ಟು ಮಿಸುಕಿತು, ಅವನಿಗೇ ಗೊತ್ತಾಗಿರಲಾರದು. ಅವಳಿಗೆ ಗೊತ್ತಾಯಿತು. ಆಚೆಗಿನ ಎರಡನೇ ಕೀಯನ್ನು ಒತ್ತಿದಳು. ಪರದೆಯ ಎಡಕ್ಕೆ 65 ಎಂದು, ಬಲಕ್ಕೆ 127 ಎಂದು ಬಂತು. ಬಿಟ್ಟು, ಹೆಗಲಿನಿಂದ ಬಲ ತಂದು ಮತ್ತೆ ಒತ್ತಿದಳು. 65, 127. ಸ್ಟ್ಯಾಂಡು ಅಲುಗಿತು. 127.

“ಅದಕ್ಕಿಂತ ಮೇಲೆ ಹೋಗಲ್ಲ ಮೇಡಂ,” ಅಂಗಡಿಯವನು ಗಿಟಾರಿನ ಕಡೆಯಿಂದಲೇ ಹೇಳಿದ. “ಎಷ್ಟು ಕುಟ್ಟಿದ್ರೂ ಅಷ್ಟೇ ತೋರ್ಸುತ್ತೆ.”

ಎಲ್ಲ ಯಂತ್ರಗಳಿಗೂ ಒಂದು ಕೊನೆಯ ಅಂಕಿಯಿರುತ್ತದೆ, ಅದರಾಚೆಗಿನದ್ದು ಇಲ್ಲವೆಂದಲ್ಲ, ಅಳೆಯಲು ಬರುವುದಿಲ್ಲ ಎಂದಷ್ಟೇ. ಇದನ್ನು ಅವಳು ಬೂತಿನ ಹೊರಗೆ ಕೂತು ಎಷ್ಟು ಜನರಿಗೆ ವಿವರಿಸಿದ್ದಳೋ. ಇದನ್ನೇ ಕೊಡಿ ಎಂದು ಅಂಗಡಿಯವನಿಗೆ ಹೇಳಿದಳು. ಅವನು ಡಬ್ಬ ತರಲು ಒಳಗೆ ಹೋದ. ತೊಂಬತ್ತಾರು ಸೆಂಟಿಮೀಟರು, ಮೇಜಿನ ಎರಡೂ ಬದಿ ಹೊರಚಾಚುತ್ತದೆ, ಗಂಡನ ಕಂಪ್ಯೂಟರು ಕೆಳಗಿಳಿಯಬೇಕು. ಎಡಗೈಯನ್ನು ಅಣ್ಣನ ಕಡೆ ಚಾಚಿ, ಅಂಗೈ ಮೇಲೆ ಮಾಡಿ, ಕಾಗದಕ್ಕಾಗಿ ಹಿಡಿದಳು. ಬಲಗೈಯ ತೋರುಬೆರಳು ಇನ್ನೂ ಕೀಯ ಮೇಲಿತ್ತು, ತಳದವರೆಗೆ ಒತ್ತಿಕೊಂಡು. ಸದ್ದಿರಲಿಲ್ಲ. ಪರದೆಯ ಮೇಲೆ ಅಂಕಿ ಹಾಗೇ ನಿಂತಿತ್ತು.

“ಬೆರಳು ತೆಗಿಯೇ,” ಎಂದ ಅಣ್ಣ.

ಅವಳು ತೆಗೆಯಲಿಲ್ಲ.